ಚಿನ್ನ ಮುಗಿದರೂ ಕಟಕಟೆ ಉಳಿಯಿತು!

ಚಿನ್ನ ಸಿಕ್ಕ ಊರಿಗೆ ಮೊದಲು ಗುದ್ದಲಿ ಹಿಡಿದವನು ಬರುತ್ತಾನೆ. ಅವನ ಬೆನ್ನಿಗೇ ಲಾಠಿ ಹಿಡಿದವನು ಬರುತ್ತಾನೆ. ಆಮೇಲೆ ಕೋರ್ಟು ಏಳುತ್ತದೆ!

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೀಚ್‌ವರ್ತ್‌ನ ಕಥೆಯೂ ಇದೇ. 1852ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1858ರಲ್ಲಿ ಗ್ರಾನೈಟ್ ಕಲ್ಲಿನ ನ್ಯಾಯಾಲಯ ಎದ್ದು ನಿಂತಿತು. ಬ್ರಿಟಿಷ್ ರಾಣಿಯ ಹೆಸರಿನಲ್ಲಿ ತೀರ್ಪು ಕೊಡುತ್ತಿದ್ದ ಈ ಕಟ್ಟಡವನ್ನು ಜಗತ್ತು ಇವತ್ತು ನೆನೆಯುವುದು ನ್ಯಾಯಾಧೀಶರಿಗಾಗಿ ಅಲ್ಲ. ಕಟಕಟೆಯಲ್ಲಿ ನಿಂತ ಒಬ್ಬ ಬಡ ಐರಿಷ್ ತಾಯಿ ಮತ್ತು ಅವಳ ಮಗನಿಗಾಗಿ.

1878ರ ಏಪ್ರಿಲ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಪೇದೆ ಎಲೆನ್ ಕೆಲ್ಲಿಯ ಮನೆಗೆ ಹೋದ. ತನ್ನನ್ನು ಕೊಲ್ಲಲು ನೋಡಿದರೆಂದು ದೂರು ಕೊಟ್ಟ. ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ ಆ ತಾಯಿಗೆ 3 ವರ್ಷ ಜೈಲು ವಿಧಿಸಿದ. ಆಕೆಯ ಕಂಕುಳಲ್ಲಿ ಹಸುಗೂಸಿತ್ತು! ಅದೇ ತಿಂಗಳು ಮಗ ನೆಡ್ ಕೆಲ್ಲಿಯ ತಂಡದ ಗುಂಡಿಗೆ ಮೂವರು ಪೊಲೀಸರು ಬಲಿಯಾದರು. ಆ ಕೊಲೆಗಳನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದೂರು ಕೊಟ್ಟ ಪೇದೆಯನ್ನು 1880ರಲ್ಲಿ ಇಲಾಖೆಯೇ ಮನೆಗೆ ಕಳಿಸಿತು. ಹಾಗಾದರೆ ಆ ತಾಯಿ ಕಳೆದ ಜೈಲಿನ ದಿನಗಳಿಗೆ ಉತ್ತರ ಕೊಡುವವರು ಯಾರು?

1880ರ ಆಗಸ್ಟ್‌ನಲ್ಲಿ ನೆಡ್‌ನ ಪ್ರಾಥಮಿಕ ವಿಚಾರಣೆಯೂ ಇಲ್ಲೇ ನಡೆಯಿತು. ಊರಿನ ಜ್ಯೂರಿಯ ಮೇಲೆ ನಂಬಿಕೆಯಿಲ್ಲದೆ ಮೊಕದ್ದಮೆಯನ್ನು ಮೆಲ್ಬರ್ನ್‌ಗೆ ಸಾಗಿಸಿದರು. ಅಲ್ಲಿ ಗಲ್ಲುಶಿಕ್ಷೆ ಬರೆದದ್ದೂ ಅದೇ ಬ್ಯಾರಿ. ನವೆಂಬರ್ 11ರಂದು ನೆಡ್‌ನನ್ನು ನೇಣಿಗೇರಿಸಲಾಯಿತು.

1989ರಲ್ಲಿ ಈ ಕೋರ್ಟು ಬಾಗಿಲು ಹಾಕಿತು. ಕಟ್ಟಡವನ್ನು ಯಾರೂ ಕೆಡವಲಿಲ್ಲ. ತಾಯಿ–ಮಗ ನಿಂತ ಕಟಕಟೆ ಈಗಲೂ ಅಲ್ಲೇ ಇದೆ. ಆಳಿದವರ ದರ್ಪ, ಆಳಿಸಿಕೊಂಡವರ ಸಂಕಟ ಎರಡನ್ನೂ ಜನ ಕಣ್ಣಾರೆ ನೋಡಬಹುದು.

ಈಗ ನಮ್ಮ ಮನೆಯತ್ತ ತಿರುಗೋಣ. ನಮ್ಮ ಕೆ.ಜಿ.ಎಫ್.ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆ.ಜಿ.ಎಫ್. ಎಂದರೆ ನಮ್ಮ ಹುಡುಗರಿಗೆ 2018ರ ಸಿನಿಮಾದ ಡೈಲಾಗು ನೆನಪಾಗುತ್ತದೆ. ಭೂಮಿಯ ಒಡಲಿಗಿಳಿದು ಬೆವರು ಸುರಿಸಿದ ಕಾರ್ಮಿಕ ನೆನಪಾಗುವುದಿಲ್ಲ!

ಗೆಳೆಯರೇ, ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿ. ಹಳೆಯ ಕಟ್ಟಡಗಳನ್ನು ನೋಡಿ. ಗಣಿಗಿಳಿದ ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳಿ. ಕಟ್ಟಡ, ಕಡತ ಎರಡನ್ನೂ ಕಾಪಾಡಿ ಎಂದು ಸರ್ಕಾರವನ್ನು ಜಗ್ಗಿಸಿ ಕೇಳಿ. ಚಿನ್ನವಂತೂ ಹೋಯಿತು. ಸಾಕ್ಷಿಯೂ ಹೋದರೆ ನಾಳೆ ಯಾರ ಪರವಾಗಿ ಯಾರು ವಾದಿಸುತ್ತಾರೆ?