ಕೈಯಾಗ ರೇಡಿಯೊ ಇದ್ರ ಸಾಲದು, ಆ ಕಡಿ ಒಬ್ರು ಬೇಕು

ಮೊನ್ನಿ ಸಂಜಿ ಮುಂದ ಮಾಳಗಿ ಮ್ಯಾಲ ಒಣಾ ಹಾಕಿದ ಮೆಣಸಿನಕಾಯಿ ತುಂಬ್ಲಾಕ ಹೋಗಿದ್ದೆ. ಸೊಂಟಕ್ಕ ಸಿಗಿಸಿದ್ದ ರೇಡಿಯೊ ಒಮ್ಮೆಲೆ ‘ಖರ್ರ್’ ಅಂತು. ಹೊಲದಾಗಿಂದ ಮಗ ಕರೀಲಾಕತ್ತಿದ್ದ. ಬಾಜೂ ಮನಿಯವ್ರು ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, “ಏನ್ರೀ ಅಕ್ಕಾರ, ಈ ವಯಸ್ಸಿನಾಗ ಪೊಲೀಸ್ ನೌಕರಿ ಹಿಡಿದೀರೇನು?” ಅಂದ್ರು. ನಾನೂ ನಕ್ಕೆ. ಆದ್ರ ಈ ಪ್ರಶ್ನಿಗೆ ಒಮ್ಮೆ ಕುಂತು ಸರಿಯಾಗಿ ಉತ್ತರ ಬರೀಬೇಕು ಅಂತ ಭಾಳ ದಿನದಿಂದ ಮನಸ್ಸಿನಾಗಿತ್ತು. ಇವತ್ತು ಬರೀಲಾಕತ್ತೀನಿ.

ನಮ್ಮ ಮನಿಯಾಗ ಇಂಥ ರೇಡಿಯೊ ಎರಡು ಅವ. ಅಂಗೈಯಾಗ ಹಿಡಿಯೋವು, ಮ್ಯಾಲೊಂದು ರಬ್ಬರಿನ ಬಾಲ. ಮಂದಿ ವಾಕಿಟಾಕಿ ಅಂತಾರ. ಖರೇ ಹೆಸರು ಹವ್ಯಾಸಿ ರೇಡಿಯೊ, ಅಂದ್ರ ಹ್ಯಾಮ್ ರೇಡಿಯೊ. ಹಾಡು ಕೇಳೋ ರೇಡಿಯೊ ಅಲ್ಲ ಇದು. ಮಾತು ಕಳಸ್ತದ, ಮಾತು ತಗೋತದ. ನಡುವ ಟವರ್ ಇಲ್ಲ, ಸಿಮ್ ಇಲ್ಲ, ರಿಚಾರ್ಜ್ ಇಲ್ಲ. ಬಾಜೂಕಿನ ಗುಂಡಿ ಒತ್ತಿ ಹಿಡಿದ್ರ ನೀವು ಮಾತಾಡಬೇಕು, ಬಿಟ್ರ ಆ ಕಡಿಯವ್ರು ಮಾತಾಡಬೇಕು. ಇಬ್ಬರೂ ಒಮ್ಮೆಲೆ ಮಾತಾಡ್ಲಾಕ ಬರಂಗಿಲ್ಲ. ಈ ಒಂದು ಗುಣಕ್ಕಾದ್ರೂ ಇದು ಎಲ್ಲಾರ ಮನಿಯಾಗ ಇರಬೇಕು ಅಂತಾರ ನಮ್ಮ ಮನಿಯವ್ರು.

ಇದು ಆಟಿಗಿ ಅನ್ನೋರಿಗೆ ನಂದೊಂದು ಮಾತದ. ಇದೊಂದು ಕೊಂಡ್ರ ಸಾಕು, ಫೋನೇ ಬ್ಯಾಡ ಅಂತ ಮಾರೋರಿಗೆ ಇನ್ನೊಂದು ಮಾತದ.

ಮೊದಲು ಇದು ನಮ್ಮ ಮನಿಗಿ ಯಾಕ ಬಂತು ಅನ್ನೋದು ಹೇಳ್ತೀನಿ.

ನಮ್ಮ ಅಕ್ಕನ್ನ ಕೊಟ್ಟಿದ್ದು ಅಫಜಲಪುರ ತಾಲೂಕಿನಾಗ, ಭೀಮಾ ದಂಡಿ ಮ್ಯಾಲಿನ ಒಂದು ಊರಿಗೆ. 2020ರ ಅಕ್ಟೋಬರ್ ನಿಮಗೆಲ್ಲಾ ನೆನಪಿರಬೇಕು. ಇಲ್ಲಿ ಹಗಲೂ ರಾತ್ರಿ ಮಳಿ. ಅಲ್ಲಿ ಮಹಾರಾಷ್ಟ್ರದಾಗ ಉಜನಿ ತುಂಬಿ ನೀರು ಬಿಟ್ರು. ಸೊನ್ನ ಬ್ಯಾರೇಜಿನ ಗೇಟ್ ತೆಗೆದ್ರು. ಅಫಜಲಪುರ, ಜೇವರ್ಗಿ ಕಡಿ ಹೊಳಿ ದಂಡಿ ಊರಿಗೆ ಊರೇ ನೀರಾಗ ನಿಂತವು. ಮಂದೀನ ಎತ್ತಲಾಕ ಎನ್‌ಡಿಆರ್‌ಎಫ್‌ನವ್ರು ಬಂದ್ರು, ಸೈನ್ಯದವ್ರೂ ಬಂದ್ರು. ನಮ್ಮ ಅಕ್ಕ ಕಡೀಗೆ ಫೋನ್ ಮಾಡಿದಾಗ, “ಅಂಗಳಕ್ಕ ನೀರು ಬಂದಾವ, ಸಾಲಿ ಮಾಳಗಿಗಿ ಹೊಂಟೀವಿ” ಅಂದಿದ್ಲು. ಆಮ್ಯಾಲ ಫೋನ್ ಹತ್ತಲೇ ಇಲ್ಲ. ಅಕಿದೂ ಹತ್ತಲಿಲ್ಲ, ಮಾವಂದೂ ಹತ್ತಲಿಲ್ಲ, ಆ ಊರಿನ ಯಾರದೂ ಹತ್ತಲಿಲ್ಲ. ಕರೆಂಟ್ ಹೋತು, ಟವರ್ ಸತ್ತು.

ಒಂದೂವರಿ ದಿನ. ನಾ ಒಲಿ ಮುಂದ ಕುಂತು ರೊಟ್ಟಿ ಬಡಿಯೋದು, ಕೈ ತೊಳಕೊಂಡು ಫೋನ್ ಒತ್ತೋದು, ಮತ್ತ ಬಂದು ಕುಂಡ್ರೋದು. ಮಾವಂಗ ಸಕ್ಕರಿ ಬ್ಯಾನಿ, ಔಷಧ ಎಲ್ಲಿ ಹೋತೋ ಏನೋ. ಎರಡನೇ ದಿನ ಸಂಜೀಕ ಯಾರದೋ ಫೋನಿಂದ ಅಕ್ಕನ ಧ್ವನಿ ಬಂತು. ಮಂದಿ ಉಳಿದಿದ್ರು. ಎರಡು ಎಮ್ಮಿ ಹೋಗಿದ್ವು, ಕಣಜದಾಗಿನ ಜ್ವಾಳ ಹೋಗಿತ್ತು. ಅಕ್ಕ ಒಂದು ಮಾತು ಅಂದ್ಲು: “ನೀರಿಗಿ ಅಂಜಲಿಲ್ಲ ತಂಗಿ, ನಾವು ಇನ್ನ ಇದ್ದೀವಿ ಅಂತ ನಿಮಗ ಗೊತ್ತಿಲ್ಲಲ್ಲ ಅಂತ ಅಂಜಿದೆ.”

ನಮ್ಮ ಆಳಂದ ಕಡಿಯವ್ರಿಗೆ ಇದು ಹೊಸಾದಲ್ಲ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿದ ಮರುದಿನ ನಸುಕಿನಾಗ ಕಿಲ್ಲಾರಿ ಭೂಕಂಪ ಆತು. ನಾ ಆಗ ಹೊಸಾ ಸೊಸಿ. ಗಡಿಗಿ ಉರುಳಿ ಬಿದ್ವು, ಎಲ್ಲಾರೂ ಅಂಗಳಕ್ಕ ಓಡಿ ಬಂದ್ವಿ. ಏನಾಗ್ಯದ, ಎಲ್ಲಾಗ್ಯದ ಅನ್ನೋದು ಗೊತ್ತಾಗೋದರಾಗ ಹೊತ್ತು ಏರಿತ್ತು. ಕಿಲ್ಲಾರಿ ಅಂದ್ರ ಉಮರ್ಗಾ ದಾಟಿ ಸ್ವಲ್ಪ ದೂರ, ಅಷ್ಟೇ. ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಕಲ್ಲುಮಣ್ಣಿನ ಮನಿ ಕೆಳಗ ಸತ್ತಿದ್ರು. ಆಗ ಫೋನ್ ಇರಲಿಲ್ಲ, ಗೊತ್ತಾಗಲಿಲ್ಲ. 2020ರಾಗ ಮನಿಗಿ ನಾಕು ಫೋನ್ ಇದ್ವು, ಆದ್ರೂ ಗೊತ್ತಾಗಲಿಲ್ಲ.

ಮಹಾಪೂರ ಇಳಿದ ಮ್ಯಾಲ ಮಗ ಒಂದು ಆನ್‌ಲೈನ್ ಅಂಗಡಿಯಾಗ ಈ ಜೋಡಿ ರೇಡಿಯೊ ನೋಡಿದ. ‘ಮೂವತ್ತು ಕಿಲೋಮೀಟರ್ ಕೇಳಸ್ತದ, ಯಾವ ಪರವಾನಗಿನೂ ಬ್ಯಾಡ’ ಅಂತ ಬರದಿದ್ರು. ಎರಡೂ ಸುಳ್ಳು. ಈ ಮಾತು ನಿಮಗ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ. ಲೈಸೆನ್ಸ್ ಬ್ಯಾಡದ ವಾಕಿಟಾಕಿ ನಮ್ಮ ದೇಶದಾಗ ಅವ. ಕಡಿಮಿ ಶಕ್ತಿಯವು, 446.0ದಿಂದ 446.2 ಮೆಗಾಹರ್ಟ್ಜ್ ನಡುವ ಅಷ್ಟೇ ನಡೀತಾವ. ಹ್ಯಾಮ್ ರೇಡಿಯೊ ಬ್ಯಾರೆ. ಅದನ್ನ ಲೈಸೆನ್ಸ್ ಇಲ್ಲದ ಮನಿಯಾಗ ಇಟ್ಕೊಂಡ್ರೂ ತಪ್ಪು. 2025ರ ಮೇ ತಿಂಗಳಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವ್ರು ಹಿಂಗ ಮಾರೋ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ರು. ಯಾವ ತರಂಗದ ಮ್ಯಾಲ ನಡೀತದ, ಲೈಸೆನ್ಸ್ ಬೇಕೋ ಬ್ಯಾಡೋ ಅನ್ನೋದು ಬರದೇ ಮಾರಬೇಕು ಅಂತ ಮಾರ್ಗಸೂಚಿನೂ ತಂದ್ರು. ನಾವು ಕೊಂಡಾಗ ಇದೆಲ್ಲಾ ಇರಲಿಲ್ಲ. ಡಬ್ಬಿ ಬಂದ ಮ್ಯಾಲ ಮಗನೇ ಓದಿ ತಿಳಕೊಂಡು ಮಾರಿ ಸಣ್ಣ ಮಾಡಿದ. ನಾ ಎರಡೂ ಡಬ್ಬಿ ಟ್ರಂಕಿನಾಗಿಟ್ಟು ಕೀಲಿ ಹಾಕಿದೆ. “ಪರೀಕ್ಷಾ ಪಾಸಾಗು, ಲೈಸೆನ್ಸ್ ಬರಲಿ, ಆಗ ಕೊಡ್ತೀನಿ” ಅಂದೆ. “ಅವ್ವ, ಒಬ್ಬನೇ ಪಾಸಾಗಿ ಯಾರ ಜೋಡಿ ಮಾತಾಡ್ಲಿ? ನೀನೂ ಬರಿ” ಅಂದ.

ನಂದು ಪಿಯುಸಿ, ಅದೂ ಆರ್ಟ್ಸ್. ಓಮ್‌ನ ನಿಯಮ ಅಂದ್ರ ಕರೆಂಟಿನವ್ರು ಕಟ್ಟೋ ಶಾಸ್ತ್ರ ಅಂತ ತಿಳಕೊಂಡಾಕಿ. ಕೆಳಗಿನ ದರ್ಜೆ, ಅಂದ್ರ ರಿಸ್ಟ್ರಿಕ್ಟೆಡ್ ಪರೀಕ್ಷಾದಾಗ ರೇಡಿಯೊ ಹೆಂಗ ನಡೀತದ ಅನ್ನೋದು ಒಂದು ಭಾಗ, ಕಾಯ್ದೆ ಏನು ಅನ್ನೋದು ಇನ್ನೊಂದು ಭಾಗ. ಹನ್ನೆರಡು ವರ್ಷ ತುಂಬಿದ ಹುಡುಗ್ರೂ ಬರೀಬಹುದು. ಮ್ಯಾಲಿನ ಜನರಲ್ ದರ್ಜೆಗೆ ನಾವು ಬರೆಯೋ ಕಾಲಕ್ಕ ಮೋರ್ಸ್, ಅಂದ್ರ ‘ಕಟ್ಟ ಕಡ’ ಸಂಕೇತನೂ ಕಲೀಬೇಕಿತ್ತು. ನಮಗ ಸಿಕ್ಕ ಪುಸ್ತಕ ಎಲ್ಲಾ ಇಂಗ್ಲಿಷಿನವು. ಮಗ ಓದಿ ಹೇಳಿದ್ದನ್ನ ನಾ ಕನ್ನಡದಾಗ ಹಳೇ ಕ್ಯಾಲೆಂಡರಿನ ಹಿಂದ ಬರಕೊಂಡೆ. ಒಲಿ ಮುಂದಿನ ಗ್ವಾಡಿಗೆ ‘ಆಲ್ಫಾ, ಬ್ರಾವೊ, ಚಾರ್ಲಿ’ ಅಂತ ಅಕ್ಷರಮಾಲಿ ಹಚ್ಚಿದ್ದೆ. ರೊಟ್ಟಿ ಬಡಿಯೋ ತಾಳಕ್ಕ ಅದನ್ನ ಬಾಯಿಪಾಠ ಮಾಡಿದೆ. ಹೈದರಾಬಾದಿಗೆ ಹೋಗಿ ಪರೀಕ್ಷಾ ಬರದ್ವಿ. ನನ್ನ ಸುತ್ತ ಎಲ್ಲಾರೂ ಹುಡುಗ್ರು. ಒಬ್ಬಾಂವ ನನ್ನ ನೋಡಿ, ಮಗನ ಜೋಡಿ ಬಂದಾರ ಅಂತ ತಿಳಕೊಂಡು ಹೊರಗ ಕುಂಡ್ರಲಾಕ ಕುರ್ಚಿ ತೋರಿಸಿದ. ಇಬ್ಬರೂ ಪಾಸಾದ್ವಿ. ಈಗ ನನಗ ‘ವಿಯು3’ ಅಂತ ಸುರು ಆಗೋ ಒಂದು ಕರೆಸಂಕೇತ ಅದ. ವಿಯು ಅಂದ್ರ ಭಾರತದ ಗುರ್ತು. ಪೂರ್ತಿ ಹೇಳಂಗಿಲ್ಲ, ಅದು ಮನಿ ಪತ್ತೆ ಹೇಳಿದಂಗ ಆಗ್ತದ.

ಮಂದಿ ಈ ಲೈಸೆನ್ಸ್ ಸುಮ್ಕ ತಕ್ಲೀಫ್ ಅಂತಾರ. ನಾ ಒಪ್ಪಂಗಿಲ್ಲ. ಗಾಳಿಯಾಗಿನ ದಾರಿ ಎಲ್ಲಾರದೂ ಒಂದೇ. ಯಾರ ಬೇಕಾದ್ರ ಅವ್ರು ಹೊಕ್ಕು ಚೀರಿದ್ರ ಒಬ್ರದೂ ಕೇಳಂಗಿಲ್ಲ. ಹ್ಯಾಮ್‌ನವ್ರು ಮಾತಾಡುವಾಗ ತಮ್ಮ ಕರೆಸಂಕೇತ ಹೇಳಲೇಬೇಕು. ಹಾಡು ಹಚ್ಚಂಗಿಲ್ಲ, ವ್ಯಾಪಾರ ಮಾತಾಡಂಗಿಲ್ಲ. ತೊಗರಿ ಧಾರಣಿ ಕೇಳಿ ಮಾಲು ಮಾರಂಗಿಲ್ಲ. ಹೆಸರು ಹೇಳಿ ಮಾತಾಡೋ ಜಾಗದಾಗ ಮಂದಿ ಸುದ್ದಾಗಿ ಮಾತಾಡ್ತಾರ. ನಮ್ಮ ವಾಟ್ಸಾಪ್ ಗುಂಪಿಗೂ ಇಂಥದೊಂದು ಪರೀಕ್ಷಾ ಇರಬೇಕಿತ್ತು ಅನ್ನಿಸ್ತದ.

ಈಗ ಮಾರೋರಿಗೆ ನನ್ನ ಮಾತು. ಈ ಸಣ್ಣ ರೇಡಿಯೊದ ಶಕ್ತಿ ನಾಕೈದು ವ್ಯಾಟ್. ಮಲಗೋ ಕ್ವಾಣ್ಯಾಗಿನ ಸಣ್ಣ ದೀಪದಷ್ಟು. ಇದರ ಮಾತು ಹೆಚ್ಚುಕಡಿಮಿ ಕಣ್ಣಿನ ನೋಟದಂಗ ನೆಟ್ಟಗ ಹೋಗ್ತದ. ಬಯಲಾಗ ನಿಂತ್ರ ನಮಗ ನೆಲ ಕಾಣೋದು ನಾಕೈದು ಕಿಲೋಮೀಟರ್, ಆಮ್ಯಾಲ ಭೂಮಿನೇ ಬಾಗಿ ಅಡ್ಡ ಬರ್ತದ. ಗುಡ್ಡ, ಮನಿ, ಗಿಡ ಎಲ್ಲಾ ಅಡ್ಡನೇ. ನಮ್ಮ ಹೊಲ ಮನಿಯಿಂದ ಮೂರು ಕಿಲೋಮೀಟರ್, ಅಲ್ಲಿಂದ ಮಗನ ಮಾತು ಸ್ವಚ್ಛ ಕೇಳ್ತದ. ಆಳೆತ್ತರದ ಕಬ್ಬಿನ ಒಳಗ ಹೊಕ್ಕ ಅಂದ್ರ ಬರೀ ಗೊರಗೊರ. ಮಾಳಗಿ ಏರಿದ್ರ ದೂರ ಹೆಚ್ಚಾಗ್ತದ. ಮಗ ಐದು ಅಲ್ಯೂಮಿನಿಯಂ ಕಡ್ಡಿ ತಂದು, ಒಂದೊಂದನ್ನೂ ಅರ್ಧ ಮೀಟರಿನಷ್ಟು ಕತ್ತರಿಸಿ, ಒಂದು ಮ್ಯಾಲ, ನಾಕು ಕೆಳಗ ಇಳಿಜಾರು ಮಾಡಿ ಕೋಲಿಗೆ ಕಟ್ಟಿ ಮಾಳಗಿ ಮ್ಯಾಲ ನಿಲ್ಲಿಸ್ಯಾನ. ರಬ್ಬರ್ ಬಾಲಕ್ಕಿಂತ ಅದು ಎಷ್ಟೋ ಪಾಲು ಛಲೋ. ಅದಕ್ಕ ರೇಡಿಯೊ ಕೊಳ್ಳೋರಿಗೆ ಹೇಳ್ತೀನಿ: ರೊಕ್ಕ ಉಳಿದ್ರ ಇನ್ನೊಂದು ರೇಡಿಯೊಕ್ಕ ಹಾಕಬ್ಯಾಡ್ರಿ, ಎತ್ತರದ ಕೋಲಿಗೆ ಹಾಕ್ರಿ.

ಒಂದು ಸಂಜಿ ಮಗ ನನ್ನ ಮಾಳಗಿಗಿ ಕರದ. ಆಕಾಶದಾಗ ಒಂದು ಚುಕ್ಕಿ ಸರಸರ ಹೊಂಟಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ನೆಲದಿಂದ ಸುಮಾರು 400 ಕಿಲೋಮೀಟರ್ ಮ್ಯಾಲ. ರೇಡಿಯೊ 145.800ಕ್ಕ ಹಚ್ಚಿದ. ಗೊರಗೊರದ ನಡುವ ಒಬ್ಬ ಮನಷ್ಯಾನ ಇಂಗ್ಲಿಷ್ ಮಾತು ಬಂತು. ಐದಾರು ನಿಮಿಷ, ಆಮ್ಯಾಲ ಮುಳುಗಿತು. ಮೈ ಜುಂ ಅಂತು. 2025ರ ಜುಲೈನಾಗ ನಮ್ಮ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಶಾಲಿ ಮಕ್ಕಳ ಜೋಡಿ ಮಾತಾಡಿದ್ದೂ ಹ್ಯಾಮ್ ರೇಡಿಯೊದಾಗೇ. ಆದ್ರ ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ನಾನೂರು ಕಿಲೋಮೀಟರ್ ಮ್ಯಾಲಿನಾಂವನ ಮಾತು ಕೇಳ್ತದ, ಯಾಕಂದ್ರ ನಡುವ ಅಡ್ಡ ಏನೂ ಇಲ್ಲ. ಬಸ್ಸಿನಾಗ ಒಂದು ತಾಸು ಚಿಲ್ಲರೆ ದೂರ ಇರೋ ನಮ್ಮ ಅಕ್ಕನ ಮಾತು ಈ ರೇಡಿಯೊದಾಗ ಕೇಳಂಗಿಲ್ಲ. ನಡುವ ಭೂಮಿ ಅದ, ಆ ಕಡಿ ರೇಡಿಯೊ ಹಿಡಿಯೋರಿಲ್ಲ.

ಹ್ಯಾಮ್ ಮಂದಿ ಭಾಷಾದಾಗ ಗಂಡಸರಿಗೆ ‘ಓಎಂ’ ಅಂತಾರ, ಅಂದ್ರ ಮುದುಕಪ್ಪ. ಹೆಣ್ಮಕ್ಕಳು ಯಾವ ವಯಸ್ಸಿನವ್ರಾದ್ರೂ ‘ವೈಎಲ್’, ಅಂದ್ರ ತರುಣಿ. ಮಾತಾಡಾಂವನ ಹೆಂಡತಿಗೆ ‘ಎಕ್ಸ್‌ವೈಎಲ್’, ಅಂದ್ರ ಮಾಜಿ ತರುಣಿ! ಮೊದಲು ಕೇಳಿದಾಗ ನಕ್ಕೆ, ಆಮ್ಯಾಲ ಸಿಟ್ಟು ಬಂತು. ಗಂಡ ರೇಡಿಯೊದಾಗ ಕುಂತಿರಬೇಕು, ಹೆಂಡತಿ ಚಾ ಕಾಸಿ ಕೊಡಬೇಕು, ಆ ಲೆಕ್ಕದಾಗ ಹುಟ್ಟಿದ ಮಾತದು. ನಾ ಕುರ್ಚಿ ಬದಲಿಸೀನಿ. ಈಗ ನಾ ರೇಡಿಯೊ ಹಿಡಿದು ಕುಂತ್ರ ನಮ್ಮ ಮನಿಯವ್ರು ಚಾ ತರ್ತಾರ, ಸಕ್ಕರಿ ಜರಾ ಹೆಚ್ಚಾದ್ರೂ ಸುಮ್ಮನ ಕುಡೀತೀನಿ.

ಇಂಥಾದ್ದು ಹೆಣ್ಮಕ್ಕಳಿಗೆ ಯಾಕ ಅನ್ನೋರಿಗೆ ನಾ ಒಂದು ಹೆಸರು ಹೇಳ್ತೀನಿ: ಭಾರತಿ ಪ್ರಸಾದ್. ದಿಲ್ಲಿಯ ಗೃಹಿಣಿ, ಹ್ಯಾಮ್. ಭಾಳ ವರ್ಷ ಅಂಡಮಾನಿನಾಗ ಹ್ಯಾಮ್ ರೇಡಿಯೊಕ್ಕ ಅನುಮತಿ ಇರಲಿಲ್ಲ. ಆಕಿ ಬೆನ್ನು ಹತ್ತಿ ಅನುಮತಿ ತಗೊಂಡು, 2004ರ ಡಿಸೆಂಬರಿನಾಗ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರಿಗೆ ಹೋಗಿದ್ರು. ಹವ್ಯಾಸಕ್ಕ ಹೋಗಿದ್ರು, ಜಗತ್ತಿನ ಮಂದಿ ಜೋಡಿ ಮಾತಾಡಬೇಕಂತ. 26ನೇ ತಾರೀಖು ನಸುಕಿಗೆ ನೆಲ ನಡುಗಿತು, ಸುನಾಮಿ ಬಂತು, ಫೋನ್ ಎಲ್ಲಾ ಬಿದ್ವು. ಆಗ ಆಕಿ ರೇಡಿಯೊದಿಂದ ದ್ವೀಪದ ಸುದ್ದಿ ಹೊರಗ ಹೋತು. ಆಮ್ಯಾಲ ದಿನಗಟ್ಲೆ, ಇಂಥವ್ರು ಉಳದಾರ, ಇಂಥವ್ರು ಛಲೋ ಇದ್ದಾರ ಅಂತ ಮನಿ ಮಂದಿಗೆ ಮುಟ್ಟಿಸಿದ್ರು. ಎಷ್ಟು ತಾಯಂದಿರು ಆ ಸುದ್ದಿಗಿ ಕಾದು ಕುಂತಿದ್ರೋ! ನಮ್ಮ ಅಕ್ಕ ಅಂಜಿದ್ದು ಅದಕ್ಕೇ ಅಲ್ಲೇನು?

ಆಪತ್ತು ಬಂದಾಗ ಮನಿಯಾಗ ಇರೋರು ಯಾರು? ಗಂಡಸರು ಹೊಲಕ್ಕ, ಬಜಾರಕ್ಕ, ಪುಣಾ ಬಾಂಬೆಗೆ ದುಡೀಲಾಕ ಹೋಗಿರ್ತಾರ. ಮನಿಯಾಗ ನಾವು, ಮುದುಕ್ರು, ಕೂಸುಗಳು. ಯಾರ ಮನಿಯಾಗ ಬಾಣಂತಿ ಇದ್ದಾಳ, ಯಾರಿಗೆ ದಿನಾ ಸೂಜಿ ಬೇಕು, ಯಾವ ಮುದುಕಿಗಿ ಕಣ್ಣು ಕಾಣಂಗಿಲ್ಲ ಅನ್ನೋ ಹಿಸಾಬು ನಮ್ಮ ತಲ್ಯಾಗ ಇರ್ತದ. ದೋಣಿ ಬಂದ್ರ ಮೊದಲು ಯಾವ ಮನಿಗಿ ಹೋಗಬೇಕು ಅಂತ ಹೇಳಬೇಕಾದೋರು ನಾವೇ. ಹೇಳೋ ಬಾಯಿ ನಮ್ಮಲ್ಲಿ ಅದ, ಮುಟ್ಟಿಸೋ ದಾರಿ ನಮ್ಮ ಕೈಯಾಗಿಲ್ಲ.

ಹೊಳಿ ದಂಡಿಗೆ ಒಂದು ಮನಿ, ನಡುವಿನ ಎತ್ತರದ ಊರಿನಾಗ ಒಂದು ಮನಿ, ಇಲ್ಲಿ ನಮ್ಮದೊಂದು. ಮೂರೂ ಕಡಿ ಕೋಲು ಏರಿಸಿದ್ರ, ಮೂರೂ ಕಡಿ ಲೈಸೆನ್ಸ್ ಇದ್ದೋರು ಕುಂತ್ರ, ನಡುವಿನವ್ರು ಕೇಳಿ ಮುಂದ ಹೇಳಿದ್ರ ಅಕ್ಕನ ಮಾತು ನನಗ ಮುಟ್ತದ. ದಿನಾ ಬಳಸಬೇಕು ಅಂತಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಕರೀರಿ, ಬ್ಯಾಟರಿ ತುಂಬಿದ್ದು ನೋಡ್ರಿ, ಇಡ್ರಿ. ಇದಕ್ಕ ಓದಲಾಕ ಕನ್ನಡದಾಗ ಸಣ್ಣದೊಂದು ಪುಸ್ತಕ, ಕಲಿಸೋರು ಬೇಕು. ಅದಿಲ್ಲದ ನಾಕನೇತ್ತೆ ಓದಿದ ನಮ್ಮ ಅಕ್ಕನಂಥವ್ರು ಹೊರಗೇ ಉಳೀತಾರ. ನನ್ನ ಕ್ಯಾಲೆಂಡರಿನ ಹಿಂದಿನ ಟಿಪ್ಪಣಿ ಎಲ್ಲಾ ಅವ, ಬೇಕಾದೋರಿಗೆ ಕೊಡ್ತೀನಿ.

ಅಕ್ಕನ ಸೊಸಿ ಬಿಎಸ್ಸಿ ಮಾಡ್ಯಾಳ. ಬರೀತೀನಿ ಅಂತಾಳ. ಮನಿಯಾಗ ಮಾವನೇ “ಸೊಸಿ ಕೈಯಾಗ ವೈರ್ಲೆಸ್ ಯಾಕ, ಊರಾಗ ಏನಂತಾರ” ಅಂದಾನಂತ. ಮಾವ ಇದನ್ನ ಓದಂಗಿಲ್ಲ, ಆದ್ರ ಆಕಿ ಓದ್ತಾಳ, ಓದಿ ಹೇಳ್ತಾಳ. ಮಾವ, ಆ ಒಂದೂವರಿ ದಿನ ಸಾಲಿ ಮಾಳಗಿ ಮ್ಯಾಲ ನಿಮ್ಮ ಔಷಧದ ಚೀಲ ತಲಿ ಮ್ಯಾಲ ಹೊತ್ತು ನಿಂತಾಕಿ ಈ ಸೊಸಿನೇ. ಟ್ರಂಕಿನ ಕೀಲಿ ನನ್ನ ಹತ್ರ ಅದ. ಆಕಿ ಪಾಸಾಗಿ ಲೈಸೆನ್ಸ್ ಬಂದ ದಿನ ನನ್ನ ರೇಡಿಯೊ ನಾನೇ ಬಸ್ಸು ಹತ್ತಿ ತಂದು ಕೊಡ್ತೀನಿ, ನಾ ಬ್ಯಾರೇದು ತಗೋತೀನಿ. ಈ ಮಳಿಗಾಲದೊಳಗ ಆಗಬೇಕು.