ಹಣ ಕೊಟ್ಟು ಹೆಸರು ಬರೆಸುವುದು ಬೇಡ



ನಮ್ಮ ಸಂಘದ ಜಾಲತಾಣವನ್ನು ಮುನ್ನೂರು ಡೈರೆಕ್ಟರಿಗಳಲ್ಲಿ ಒಂದೇ ತಿಂಗಳೊಳಗೆ ಸೇರಿಸಿ, ಹುಡುಕುವವರಿಗೆ ಮೊದಲನೆಯ ಪುಟದಲ್ಲಿಯೇ ಕಾಣುವಂತೆ ಮಾಡಿಕೊಡುವುದಾಗಿ ಏಜೆಂಟರೊಬ್ಬರು ಬರೆದಿರುವ ಪತ್ರವು ಮುಂದಿನ ಆಡಳಿತ ಮಂಡಳಿ ಸಭೆಗೆ ಬರಲಿದೆ. ಅವರು ಕೇಳಿರುವ ವಾರ್ಷಿಕ ಶುಲ್ಕವು ಸಣ್ಣ ಬೆಳೆಗಾರರೊಬ್ಬರ ಎರಡು ಮೂಟೆ ಪಾರ್ಚ್‌ಮೆಂಟಿನ ಬೆಲೆಗೆ ಸಮವಾಗುತ್ತದೆ. ಕಾರ್ಯದರ್ಶಿಯಾಗಿ ಆ ಪತ್ರವನ್ನು ಸಭೆಯ ಮುಂದಿಡುವುದು ನನ್ನ ಕರ್ತವ್ಯ, ಇಡುತ್ತೇನೆ. ಸದಸ್ಯನಾಗಿ ಅದಕ್ಕೆ ನನ್ನ ವಿರೋಧವಿದೆ. ಕಾರಣಗಳನ್ನು ಸಭೆಗೆ ಮುಂಚಿತವಾಗಿಯೇ ತಮ್ಮ ಗಮನಕ್ಕೆ ತರುವುದು ಉಚಿತವೆಂದು ಈ ಲೇಖನ.

ಕಳೆದ ತಿಂಗಳು ಚಾಮರಾಜಪೇಟೆಯ ನಮ್ಮ ಮಾರಾಟ ಮಳಿಗೆಯ ಲೆಕ್ಕ ನೋಡಲು ಬೆಂಗಳೂರಿಗೆ ಹೋಗಿದ್ದೆ. ಸಂಜೆ ಬಿಡುವಾದಾಗ ಬಸವನಗುಡಿಯ ಗಾಂಧಿ ಬಜಾರಿನವರೆಗೆ ನಡೆದು, ಪರಿಚಯದ ಕಾಫಿಪುಡಿ ಅಂಗಡಿಯೊಂದರ ಮುಂದೆ ನಿಂತೆ. ಯಜಮಾನರು ಒಳಗೆ ಕರೆದು ಲೋಟ ಕೈಗಿತ್ತರು. ಆಮೇಲೆ ಹೇಳಿದರು: "ನಿಮ್ಮ ಸಂಘದ ಪೀಬರಿ ಬೇಕಾಗಿತ್ತು ಸ್ವಾಮಿ. ಮಗಳು ಫೋನಿನಲ್ಲಿ ಹುಡುಕಿದಳು. ಮೊದಲು ಸಿಗಲೇ ಇಲ್ಲ. ಸಿಕ್ಕಿದ ಮೇಲೆ ನೋಡಿದರೆ ಹಿಂದಿನ ಸಾಲಿನ ದರಪಟ್ಟಿ. ಚಾಮರಾಜಪೇಟೆಯಲ್ಲಿ ನಿಮ್ಮ ಮಳಿಗೆ ಇದೆ ಎನ್ನುವುದೇ ಅದರಲ್ಲಿ ಇಲ್ಲ. ಬೇರೆ ಕಡೆಯಿಂದ ತರಿಸಿಕೊಂಡೆ." ನಡೆದೇ ಬರುವಷ್ಟು ದೂರದ ಗಿರಾಕಿ! ನಾಚಿಕೆಯಿಂದ ಕಾಫಿಯ ರುಚಿಯೇ ತಿಳಿಯಲಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಈ ಚಿಂತೆ ಇರಲಿಲ್ಲ. 1942ರ ಕಾಫಿ ಕಾಯಿದೆಯಂತೆ ಬೆಳೆಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಿ, ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುವ ಹಣಕ್ಕೆ ಕಾದು ಕುಳಿತರಾಯಿತು. ಕೊಳ್ಳುವವನು ಯಾರೆಂದು ಬೆಳೆಗಾರನಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಆ ಕಟ್ಟು ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಗಿರಾಕಿಗೆ ನಮ್ಮನ್ನು ಪತ್ತೆ ಹಚ್ಚಿಸುವ ಹೊಣೆ ನಮ್ಮ ತಲೆಯ ಮೇಲೆಯೇ ಬಿದ್ದಿದೆ. ಆದ್ದರಿಂದ ಹೆಸರು ಕಾಣಬೇಕೆಂಬ ಮಾತಿನಲ್ಲಿ ನನಗೂ ಏಜೆಂಟರಿಗೂ ಭಿನ್ನಾಭಿಪ್ರಾಯವಿಲ್ಲ. ಕಾಣುವ ದಾರಿಯ ಬಗ್ಗೆ ಇದೆ.

ಡೈರೆಕ್ಟರಿ ಎಂದರೇನೆಂದು ಕೆಲವು ಸದಸ್ಯರು ಕೇಳಿದ್ದಾರೆ. ಜಾಲತಾಣಗಳನ್ನು ವಿಷಯವಾರು, ಊರುವಾರು, ಭಾಷಾವಾರು ವಿಂಗಡಿಸಿ, ಒಂದೊಂದಕ್ಕೂ ಎರಡು ಸಾಲಿನ ವಿವರಣೆ ಬರೆದಿಟ್ಟ ಸೂಚಿ ಅದು. 1994ರಲ್ಲಿ ಆರಂಭವಾದ ಯಾಹೂ ಮೂಲತಃ ಇಂಥದೊಂದು ಸೂಚಿಯೇ. ಅಲ್ಲಿ ಸಂಬಳದ ಸಂಪಾದಕರಿದ್ದರು. ಮುಂದೆ ವ್ಯಾಪಾರದ ತಾಣಗಳಿಂದ ವರ್ಷಕ್ಕೆ 299 ಡಾಲರು ಪಡೆಯತೊಡಗಿದರು. ಇದಕ್ಕೆ ಎದುರಾಗಿ 1998ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಮತ್ತು ಬಾಬ್ ಟ್ರೂಯೆಲ್ ಎಂಬ ಇಂಜಿನಿಯರುಗಳು ಸಂಗಡಿಗರೊಡನೆ ಇನ್ನೊಂದು ಸೂಚಿಯನ್ನು ತೆರೆದರು. ಸಂಪಾದಕರೆಲ್ಲ ಸ್ವಯಂಸೇವಕರು, ಸೇರ್ಪಡೆಗೆ ಬಿಡಿಗಾಸೂ ಇಲ್ಲ. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ಕೈಸೇರಿ ಓಪನ್ ಡೈರೆಕ್ಟರಿ, ಅಥವಾ ಡಿಮೋಜ್, ಎಂದು ಪ್ರಸಿದ್ಧವಾಯಿತು. ಮುಚ್ಚುವ ವೇಳೆಗೆ ಅದರಲ್ಲಿ 38 ಲಕ್ಷಕ್ಕೂ ಹೆಚ್ಚು ತಾಣಗಳಿದ್ದವು. ಒಟ್ಟು 90 ಸಾವಿರಕ್ಕೂ ಹೆಚ್ಚು ಮಂದಿ ಸಂಪಾದಕರಾಗಿ ದುಡಿದಿದ್ದರು. ಗೂಗಲ್ ಸಹ ಕೆಲವು ಕಾಲ ಅದೇ ಸೂಚಿಯನ್ನು ತನ್ನ ಡೈರೆಕ್ಟರಿಯಾಗಿ ತೋರಿಸುತ್ತಿತ್ತು. 2017ರ ಮಾರ್ಚಿಯಲ್ಲಿ ಡಿಮೋಜ್ ನಿಂತಿತು. ಕೆಲಸವನ್ನು ಕೈಬಿಡದ ಹಳೆಯ ಸಂಪಾದಕರು ಅದನ್ನೇ ಕರ್ಲಿ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ.

ಈಗ ನನ್ನದೇ ತಪ್ಪೊಂದನ್ನು ಅರಿಕೆ ಮಾಡಿಕೊಳ್ಳಬೇಕು. 2009ರಲ್ಲಿ, ಡಿಮೋಜ್ ಇನ್ನೂ ನಡೆಯುತ್ತಿದ್ದಾಗ, ಸಂಘದ ತಾಣವನ್ನು ಸೇರಿಸಬೇಕೆಂದು ಅರ್ಜಿ ಹಾಕಿದವನು ನಾನೇ. ಪದವೀಧರನೆಂಬ ಹಮ್ಮಿನಲ್ಲಿ "ಅತ್ಯುತ್ತಮ", "ಜಗದ್ವಿಖ್ಯಾತ", "ಅಪ್ಪಟ" ಎಂಬ ವಿಶೇಷಣಗಳನ್ನೆಲ್ಲ ಪೋಣಿಸಿದೆ. ಕಾಫಿ ಎಂಬ ಪದವನ್ನು ಆರು ಸಲ ಬರೆದೆ. ಒಂದರಲ್ಲಾದರೂ ಸಿಗಲಿ ಎಂದು ಐದು ವಿಭಾಗಗಳಿಗೆ ಕಳಿಸಿದೆ. ಉತ್ತರ ಬಾರದಿದ್ದಾಗ ವಾರಕ್ಕೊಮ್ಮೆ ಮತ್ತೆ ಕಳಿಸಿದೆ. ಸೇರಲೇ ಇಲ್ಲ. ಆ ಸಿಟ್ಟಿನಲ್ಲಿ ಬಹಳ ದಿನ ಇದ್ದೆ. ನಿಯಮಗಳನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಹೆಸರಿನ ಜಾಗದಲ್ಲಿ ಸಂಸ್ಥೆಯ ಹೆಸರು ಮಾತ್ರ ಇರಬೇಕು, ವಿವರಣೆಯಲ್ಲಿ ಹೊಗಳಿಕೆ ಕೂಡದು, ಸರಿಯಾದ ಒಂದೇ ವಿಭಾಗಕ್ಕೆ ಒಮ್ಮೆ ಕಳಿಸಬೇಕು, ಪದೇಪದೇ ಕಳಿಸಿದರೆ ಸರದಿಯಲ್ಲಿ ಹಿಂದೆ ಬೀಳುವ ಸಂಭವವಿದೆ, ಅರ್ಧ ಕಟ್ಟಿದ ತಾಣಗಳನ್ನು ಸೇರಿಸಿಕೊಳ್ಳುವುದಿಲ್ಲ. ಮುರಿಯದೆ ಉಳಿಸಿದ ನಿಯಮ ನನ್ನಿಂದ ಒಂದೂ ಇರಲಿಲ್ಲ.

ವಿವರಣೆ ಹೇಗಿರಬೇಕೆಂಬುದು ನಮಗೆ ಹೊಸ ಪಾಠವೇನಲ್ಲ. ಚಿಕೋರಿ ಬೆರೆತ ಪುಡಿಯ ಪೊಟ್ಟಣವನ್ನು ತಿರುಗಿಸಿ ನೋಡಿ. ಕಾಫಿ ಇಷ್ಟು ಪಾಲು, ಚಿಕೋರಿ ಇಷ್ಟು ಪಾಲು ಎಂದು ಮುದ್ರಿಸಲೇಬೇಕೆಂದು ಕಾನೂನಿದೆ. ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ. ಪೊಟ್ಟಣದ ಮುಂಭಾಗದಲ್ಲಿ ಏನು ಬೇಕಾದರೂ ಹಾಡಿಕೊಳ್ಳಲಿ, ಬಲ್ಲ ಗೃಹಿಣಿ ಓದುವುದು ಹಿಂದಿನ ಆ ಸಣ್ಣ ಅಕ್ಷರಗಳನ್ನು. ಡೈರೆಕ್ಟರಿಯ ಎರಡು ಸಾಲು ಅಂಥದು. ವಿಭಾಗದ ಆಯ್ಕೆಯೂ ಹಾಗೆಯೇ. ರಾಶಿ ಅಡಿಕೆಯನ್ನು ಒಯ್ದು ಚಾಲಿಯ ರಾಶಿಗೆ ಸುರಿದು, ಧಾರಣೆ ಸಿಗಲಿಲ್ಲವೆಂದು ಅಂಗಳದವರನ್ನು ಬೈದರೆ ಏನು ಪ್ರಯೋಜನ? ನಮ್ಮ ಕನ್ನಡದ ಪುಟಗಳಿಗೆ ಭಾಷಾವಾರು ವಿಭಾಗದ ಕನ್ನಡ ಶಾಖೆ ಇದೆ. ಇಂಗ್ಲಿಷ್ ಪುಟಗಳು ಕರ್ನಾಟಕದ ಕೆಳಗೆ ಊರಿನ ಹೆಸರಿನಲ್ಲಿ ಹೋಗಬೇಕು. ಮಲ್ಲೇಶ್ವರದವರು ಬೆಂಗಳೂರೆಂಬ ಕಡೆ ಹುಡುಕುತ್ತಾರೆಯೇ ಹೊರತು, ನಮ್ಮ ನೋಂದಾಯಿತ ಕಚೇರಿ ಇರುವ ಹೋಬಳಿಯ ಹೆಸರನ್ನು ಅವರು ಕೇಳಿಯೂ ಇರುವುದಿಲ್ಲ.

"ಕರ್ಲಿಯಲ್ಲಿ ಹೆಸರು ಬಂದ ಕೂಡಲೇ ಲಾರಿಗಟ್ಟಲೆ ಮಾಲು ಹೋಗುತ್ತದೆಯೇ?" ಎಂದು ನಮ್ಮ ಉಪಾಧ್ಯಕ್ಷರು ಕೇಳಿದರು. ಇಲ್ಲ. ಡೈರೆಕ್ಟರಿಗಳಿಗೆ ಹಿಂದಿದ್ದ ಪ್ರಾಬಲ್ಯ ಈಗಿಲ್ಲ. ಜನ ನೇರವಾಗಿ ಗೂಗಲಿನಲ್ಲಿ, ನಕ್ಷೆಯಲ್ಲಿ ಹುಡುಕುತ್ತಾರೆ. ಅರ್ಜಿ ಹಾಕಿದ ಮೇಲೆ ಎಷ್ಟು ತಿಂಗಳು ಕಾಯಬೇಕೆಂದು ಹೇಳಬಲ್ಲವರೂ ಇಲ್ಲ. ಸ್ವಯಂಸೇವಕರಲ್ಲಿಯೂ ತಮ್ಮವರನ್ನು ಸೇರಿಸಿ ಎದುರಾಳಿಯನ್ನು ಬಿಟ್ಟವರಿದ್ದರೆಂಬ ಆಪಾದನೆಗಳು ಡಿಮೋಜ್ ಕಾಲದಲ್ಲಿ ಕೇಳಿಬಂದಿದ್ದವು. ಇಷ್ಟೆಲ್ಲ ಒಪ್ಪಿಕೊಂಡೂ ನಾನು ಈ ಪಕ್ಷದಲ್ಲಿ ನಿಲ್ಲುವುದಕ್ಕೆ ಕಾರಣವಿದೆ. ಅಪರಿಚಿತನೊಬ್ಬ, ನಮ್ಮಿಂದ ಏನನ್ನೂ ಪಡೆಯದೆ, ನಮ್ಮ ತಾಣವನ್ನು ತೆರೆದು ನೋಡಿ, ಇಲ್ಲಿ ಇಂತಿಂಥದು ನಿಜವಾಗಿಯೂ ಇದೆ ಎಂದು ಬರೆಯಬೇಕಾದರೆ, ಮೊದಲು ಅದು ಅಲ್ಲಿ ಇರಬೇಕು. ಈ ಸಾಲಿನ ದರಪಟ್ಟಿ ಇರಬೇಕು, ಮಳಿಗೆಯ ವಿಳಾಸ, ವೇಳೆ, ದೂರವಾಣಿ ಇರಬೇಕು. ಗಾಂಧಿ ಬಜಾರಿನ ಯಜಮಾನರಿಗೆ ಬೇಕಾಗಿದ್ದುದೂ ಇಷ್ಟೇ. ಏಜೆಂಟರು ಮುನ್ನೂರು ಕಡೆ ಹೆಸರು ಬರೆಸಿದ್ದರೆ ಅದೇ ಹಳೆಯ ದರಪಟ್ಟಿಗೆ ಮುನ್ನೂರು ಬಾಗಿಲು ತೆರೆದಂತಾಗುತ್ತಿತ್ತು. ಅಲ್ಲದೆ, ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳಿದೆ; ಕಳಪೆ ಡೈರೆಕ್ಟರಿಗಳಲ್ಲಿ ತುಂಬಿಸಿದ ಕೊಂಡಿಗಳನ್ನು ಮೋಸದ ಪೈಕಿ ಎಣಿಸುತ್ತದೆ. ಹಣವೂ ಹೋಗಿ ಹೆಸರೂ ಕೆಡುವ ವ್ಯವಹಾರ.

ಮಳಿಗೆಯಿಂದ ಹಿಂದಿರುಗುವಾಗ ಚಾಮರಾಜಪೇಟೆಯಲ್ಲಿಯೇ ಇರುವ ಕನ್ನಡ ಸಾಹಿತ್ಯ ಪರಿಷತ್ತಿನ ಮುಂದೆ ಹಾದುಬಂದೆ. ಎಂಟು ಸಂಪುಟಗಳ ಕನ್ನಡ ನಿಘಂಟು ಅಲ್ಲಿ ತಯಾರಾದದ್ದು ದಶಕಗಳ ದುಡಿಮೆಯಿಂದ. ಒಂದು ಪದಕ್ಕೆ ಅದರಲ್ಲಿ ಜಾಗ ಸಿಕ್ಕಿದ್ದು ಕಾವ್ಯದಲ್ಲಿಯೋ ಶಾಸನದಲ್ಲಿಯೋ ಅದು ಬಳಕೆಯಾದ ಪ್ರಯೋಗವನ್ನು ಎತ್ತಿ ತೋರಿಸಿದ ಮೇಲೆ. ಹೀಗೆ ನಿದಾನವಾಗಿ ಆದ ಕೆಲಸವನ್ನು ಮನೆಯಲ್ಲಿ ಇಟ್ಟುಕೊಂಡವರು ಒಂದೇ ತಿಂಗಳ ಭರವಸೆಗೆ ಮನಸೋಲಬಾರದಲ್ಲ ಎನ್ನಿಸಿತು.

ಇನ್ನೊಂದು ಮಾತು. ಇಂಥ ಸೂಚಿಗಳಲ್ಲಿ ಕನ್ನಡದ ಶಾಖೆ ಬಡವಾಗಿದ್ದರೆ ಅದಕ್ಕೆ ಕೆಲಸ ಮಾಡುವ ಕೈಗಳು ಸಾಲದಿರುವುದೂ ಕಾರಣ. ಸಂಪಾದಕರಾಗಲು ಬಯಸುವವರು ಒಂದು ಸಣ್ಣ ವಿಭಾಗವನ್ನು ಆರಿಸಿಕೊಂಡು, ಎರಡು ಮೂರು ಒಳ್ಳೆಯ ತಾಣಗಳಿಗೆ ಮಾದರಿ ವಿವರಣೆ ಬರೆದು, ತಮಗೆ ಯಾವ ಸಂಸ್ಥೆಯೊಡನೆ ಸಂಬಂಧವಿದೆಯೆಂದು ಮುಚ್ಚಿಡದೆ ತಿಳಿಸಿ ಅರ್ಜಿ ಹಾಕುವ ಕ್ರಮ ಡಿಮೋಜ್ ಕಾಲದಿಂದಲೂ ಬಂದದ್ದು. ನಮ್ಮ ಸದಸ್ಯರ ಮಕ್ಕಳಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವರು ಎಷ್ಟೋ ಮಂದಿ. ಒಬ್ಬರು ಮುಂದೆ ಬರಲಿ. ಆದರೆ ಬಂದವರು ಮೊದಲು ಬೇರೆ ಬೆಳೆಗಾರರ ಸಂಘಗಳ ತಾಣಗಳನ್ನು ಸೇರಿಸಲಿ. ನಮ್ಮದನ್ನು ಇನ್ನೊಬ್ಬ ಸಂಪಾದಕರು ನೋಡಲಿ. ತನ್ನ ಮೂಟೆಯನ್ನು ತಾನೇ ತೂಗುವ ಪದ್ಧತಿ ನಮ್ಮ ಗೋದಾಮಿನಲ್ಲಿಲ್ಲ.

ದರಪಟ್ಟಿಯನ್ನು ಈ ವಾರ ಬದಲಾಯಿಸಲಾಗಿದೆ. ಮಳಿಗೆಯ ವಿಳಾಸವನ್ನು ಸೇರಿಸಲಾಗಿದೆ. ಡೈರೆಕ್ಟರಿಗೆ ಕಳಿಸಲು ತಯಾರಿಸಿರುವ ಕರಡು ಹೀಗಿದೆ: "ಕಾಫಿ ಮತ್ತು ಅಡಿಕೆ ಬೆಳೆಗಾರರ ಸಹಕಾರ ಸಂಘ. ಸದಸ್ಯರು ಬೆಳೆದ ಅರೇಬಿಕಾ, ರೊಬಸ್ಟಾ ಮತ್ತು ಅಡಿಕೆಯ ದರಪಟ್ಟಿ, ಸದಸ್ಯತ್ವದ ನಿಯಮಗಳು, ಬೆಂಗಳೂರಿನ ಚಾಮರಾಜಪೇಟೆ ಮಳಿಗೆಯ ವಿಳಾಸ ಮತ್ತು ವೇಳೆ." ತಿದ್ದುಪಡಿ ಸೂಚಿಸುವವರು ಸಭೆಗೆ ಮುಂಚೆ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ. "ಅತ್ಯುತ್ತಮ" ಎಂದು ಸೇರಿಸಿರೆಂದು ಹೇಳಬಯಸುವವರು ಮಾತ್ರ ದಯವಿಟ್ಟು ಅಂಚೆ ಖರ್ಚು ಮಾಡಬೇಡಿ.