ಶೋಲಾವರಂ ಓಟದ ಹಾದಿ

ಅಂದಿನ ಮದರಾಸಿನಲ್ಲಿ ದುಡಿದ ಹಿರಿಯರ ಬಾಯಲ್ಲಿ ಶೋಲಾವರಂ ಮೋಟಾರು ಪಂದ್ಯಗಳ ಮಾತು ಇನ್ನೂ ಮಾಸಿಲ್ಲ. ನಗರದ ಉತ್ತರಕ್ಕಿರುವ ಆ ಸ್ಥಳವು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಸಿದ ನೆಲ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ದಶಕಗಳ ಕಾಲ ಪಂದ್ಯಗಳನ್ನು ನಡೆಸಿತು. ಗೊಂಡಾಲ್ ಮಹಾರಾಜರ ಕಾರು ಓಡಿದ ಹಾದಿಯಲ್ಲಿಯೇ ಸಾಮಾನ್ಯರ ಮೋಟಾರು ಸೈಕಲ್ಲೂ ಓಡಿತು.

ಆ ಮೋಟಾರು ಸೈಕಲ್ಲುಗಳಲ್ಲಿ ನಮ್ಮ ಮೈಸೂರಿನವೂ ಇದ್ದವು. ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳ ಜೋಡಿ ಕೊಳವೆಯ ಸದ್ದು ಪರಸ್ಥಳದ ಜನಸಂದಣಿಯಲ್ಲಿ ನಿಂತ ಕನ್ನಡಿಗನಿಗೆ ತವರಿನ ಕರೆಯಂತೆ ಕೇಳಿಸಿದ್ದರೆ ಸೋಜಿಗವಿಲ್ಲ.

1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಕ್ಲಬ್ಬಿನ ಸ್ವಂತ ಹಾದಿ ಸಿದ್ಧವಾಯಿತು. ಶೋಲಾವರಂ ಮೌನವಾಯಿತು. ಇದನ್ನು ನಾವು ಆಕ್ಷೇಪಿಸಲಾರೆವು. ಪರರ ನೆಲದಲ್ಲಿ ಹೂಡಿದ ಆಟ ಎಂದಾದರೊಂದು ದಿನ ಏಳಲೇಬೇಕು. ಬಾಡಿಗೆಯ ಕಟ್ಟಡದಲ್ಲಿ ಹೋಟೆಲು ನಡೆಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಖೇದ ಬೇರೆಯದು. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಿತಾದರೂ ಬಂಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಾದಿಯೂ ಇಲ್ಲ, ಕಾರ್ಖಾನೆಯೂ ಇಲ್ಲವೆಂದ ಮೇಲೆ ಉಳಿಯುವುದು ಜನರ ನೆನಪೊಂದೇ. ಗೆದ್ದವರ ಹೆಸರು ಹಳೆಯ ಪತ್ರಿಕೆಗಳಲ್ಲಿ ಸಿಕ್ಕೀತು. ರಾತ್ರಿಯೆಲ್ಲ ಎಂಜಿನು ಬಿಚ್ಚಿ ಜೋಡಿಸಿದ ಮೆಕ್ಯಾನಿಕರಿಗೆ ಅಲ್ಲಿ ಸ್ಥಳ ದೊರೆತದ್ದು ಅಪೂರ್ವ. ರಜೆ ಬೇಡಿ ಪಡೆದು ಬಿಸಿಲಲ್ಲಿ ನಿಂತು ನೋಡಿದ ಮಾಣಿ, ಗುಮಾಸ್ತರ ಮಾತಂತೂ ದೂರ.

ಅಂಥವರು ನಮ್ಮ ವಾಚಕರಲ್ಲಿಯೇ ಇರಬಹುದು. ಕಂಡದ್ದನ್ನು ನಾಲ್ಕು ಸಾಲು ಬರೆದು ಕಳುಹಿಸಲಿ, ಛಾಯಾಚಿತ್ರವಿದ್ದರೆ ತೋರಿಸಲಿ. ನೋಡಿ, ಜೋಪಾನವಾಗಿ ಹಿಂದಿರುಗಿಸುವೆವು.